ಹೃದಯಾಘಾತದ ಬಳಿಕ ಹೃದಯಕ್ಕೆ ಯಂತ್ರದ ಆಸರೆ: ಸಹಿ ಹಾಕುವ ಮುನ್ನ ಮನೆಯವರು ತಿಳಿದಿರಬೇಕಾದದ್ದು

"ಸ್ಟೆಂಟ್ ಹಾಕಿ ಆಯಿತು, ಆದರೂ ಬಿಪಿ ನಿಲ್ಲುತ್ತಿಲ್ಲ, ಯಂತ್ರ ಹಾಕಬೇಕಾಗಬಹುದು ಎನ್ನುತ್ತಿದ್ದಾರೆ. ಒಪ್ಪಿಕೊಳ್ಳೋಣವೇ?" ಓದುಗರು ಕಳಿಸುವ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಕೆಲವರು ಐಸಿಯು ಬಾಗಿಲ ಹೊರಗೆ ಕುಳಿತೇ ಬರೆದಿರುತ್ತಾರೆ. ಇನ್ನು ಕೆಲವರು ಎಲ್ಲ ಮುಗಿದ ಮೇಲೆ, ಹಾಕಿಸಿದ್ದು ತಪ್ಪಾಯಿತೋ ಹಾಕಿಸದೇ ಇದ್ದದ್ದು ತಪ್ಪಾಯಿತೋ ಎಂಬ ಕೊರಗಿನಲ್ಲಿ ಬರೆಯುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರಗಳಲ್ಲಿ ಯಾವುದೂ ಹೃದಯಾಘಾತವನ್ನು ಗುಣಪಡಿಸುವುದಿಲ್ಲ. ಅವು ಕೊಡುವುದು ಕಾಲಾವಕಾಶ ಮಾತ್ರ. ಆ ಅವಕಾಶಕ್ಕೆ ದೇಹ ಬೆಲೆ ತೆರುತ್ತದೆ: ರಕ್ತಸ್ರಾವ, ಕಾಲಿಗೆ ರಕ್ತದ ಕೊರತೆ, ಮೂತ್ರಪಿಂಡಕ್ಕೆ ಪೆಟ್ಟು, ಸೋಂಕು. ಈ ರೋಗಿಗೆ, ಈ ಹೊತ್ತಿನಲ್ಲಿ, ಯಾವ ಯಂತ್ರ, ಯಾವ ಗುರಿಗಾಗಿ ಎಂಬುದು ಸ್ಪಷ್ಟವಾಗದೆ ಕೊಡುವ ಒಪ್ಪಿಗೆ ಅರ್ಧ ಒಪ್ಪಿಗೆಯೇ ಸರಿ.

ಮುಂದಿರುವುದು ವೈದ್ಯರೊಂದಿಗೆ ಮಾತನಾಡಲು ನಿಮಗೆ ಬೇಕಾದ ತಿಳಿವಳಿಕೆ. ರೋಗಿಯನ್ನು ಕಣ್ಣಾರೆ ನೋಡುತ್ತಿರುವ ತಂಡದ ತೀರ್ಮಾನದ ಜಾಗದಲ್ಲಿ ಇದನ್ನು ಇಡಬೇಡಿ.

ಕೈಯಲ್ಲಿ ಏನೇನಿರಬೇಕು

ಮನೆಯವರಲ್ಲಿ ಒಬ್ಬರನ್ನು ಮಾತಿಗೆ ಗೊತ್ತುಮಾಡಿಕೊಳ್ಳಿ. ಐದು ಜನ ಐದು ಸಲ ಹೋಗಿ ಕೇಳಿದರೆ ಐದು ಬಗೆಯ ಅರ್ಥವಾಗುತ್ತದೆ, ಆಮೇಲೆ ಜಗಳ ಹೊರಗಿನ ಬೆಂಚಿನ ಮೇಲೆ ನಡೆಯುತ್ತದೆ. ಒಂದು ಪುಸ್ತಕ, ಒಂದು ಪೆನ್ನು ಇಟ್ಟುಕೊಳ್ಳಿ. ವೈದ್ಯರು ಹೇಳಿದ ಸಂಖ್ಯೆಗಳನ್ನು ಗಂಟೆಯ ಸಮೇತ ಬರೆಯಿರಿ.

ರೋಗಿಯ ಹಳೆಯ ಕಾಯಿಲೆಗಳಲ್ಲಿ ಯಂತ್ರದ ಆಯ್ಕೆಯನ್ನೇ ಬದಲಿಸುವ ಕೆಲವು ಇವೆ. ಅವನ್ನು ಕೇಳುವ ಮೊದಲೇ ಹೇಳಿ: ಕಾಲಿನ ರಕ್ತನಾಳಗಳು ಕಿರಿದಾಗಿವೆಯೇ (ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಂಡು ನಿಲ್ಲಬೇಕಾಗುತ್ತಿತ್ತೇ), ಹೃದಯಕ್ಕೆ ಕೃತಕ ಕವಾಟ ಹಾಕಿಸಿದ್ದಾರೆಯೇ, ಮಿದುಳಿನಲ್ಲಿ ಅಥವಾ ಹೊಟ್ಟೆಯಲ್ಲಿ ಎಂದಾದರೂ ರಕ್ತಸ್ರಾವ ಆಗಿತ್ತೇ, ಹೆಪರಿನ್ ಎಂಬ ರಕ್ತ ತೆಳುಮಾಡುವ ಔಷಧಿ ಹಿಂದೆ ತೊಂದರೆ ಕೊಟ್ಟಿತ್ತೇ, ಡಯಾಲಿಸಿಸ್ ನಡೆಯುತ್ತಿತ್ತೇ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯೂ ಬೇಕು.

ಹಂತ 1: ಆಗಿರುವುದೇನು ಎಂದು ತಿಳಿದುಕೊಳ್ಳಿ

ವೈದ್ಯರು 'ಕಾರ್ಡಿಯೋಜೆನಿಕ್ ಶಾಕ್' ಎನ್ನುತ್ತಾರೆ. ಹೃದಯದ ಪಂಪು ಸೋತು, ದೇಹದ ಅಂಗಗಳಿಗೆ ಬೇಕಾದಷ್ಟು ರಕ್ತ ತಲುಪದ ಸ್ಥಿತಿ ಇದು. ಹೃದಯಾಘಾತಕ್ಕೆ ಒಳಗಾದ ನೂರು ಜನರಲ್ಲಿ ಸುಮಾರು 5ರಿಂದ 10 ಮಂದಿಗೆ ಹೀಗಾಗುತ್ತದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ, ಒಳ್ಳೆಯ ಚಿಕಿತ್ಸೆ ಸಿಕ್ಕರೂ, ಉಳಿಯುವುದಿಲ್ಲ. ಈ ಸತ್ಯವನ್ನು ಮೃದುಗೊಳಿಸಿ ಹೇಳಿದರೆ ಮುಂದಿನ ಯಾವ ಮಾತೂ ಸರಿಯಾಗಿ ಕೂರುವುದಿಲ್ಲ.

ಇದು ಒಂದು ವಿಷವರ್ತುಲ. ಹೃದಯಸ್ನಾಯುವಿನ ದೊಡ್ಡ ಭಾಗ ಏಕಾಏಕಿ ಕೆಲಸ ನಿಲ್ಲಿಸಿದಾಗ ರಕ್ತದೊತ್ತಡ ಬೀಳುತ್ತದೆ. ಒತ್ತಡ ಬಿದ್ದರೆ ಹೃದಯಕ್ಕೇ ರಕ್ತ ಸಾಲುವುದಿಲ್ಲ, ಅದು ಇನ್ನಷ್ಟು ಸೋಲುತ್ತದೆ. ಹಿಂದೆ ನಿಂತ ರಕ್ತ ಶ್ವಾಸಕೋಶಕ್ಕೆ ಒತ್ತಿ ನೀರು ತುಂಬಿಸುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ, ಮತ್ತೆ ಪೆಟ್ಟು ಬೀಳುವುದು ಹೃದಯಕ್ಕೇ. ಯಂತ್ರದ ಉದ್ದೇಶ ಈ ವರ್ತುಲವನ್ನು ಒಂದು ಕಡೆ ತುಂಡರಿಸುವುದು.

ಪುಸ್ತಕದಲ್ಲಿ ಬರೆದುಕೊಳ್ಳಬೇಕಾದ ಸಂಖ್ಯೆಗಳು ನಾಲ್ಕು. ಮೇಲಿನ ರಕ್ತದೊತ್ತಡ: ಅರ್ಧ ಗಂಟೆಗೂ ಹೆಚ್ಚು ಕಾಲ 90ಕ್ಕಿಂತ ಕೆಳಗಿದ್ದರೆ, ಅಥವಾ ಅದನ್ನು ಮೇಲಿಡಲು ಔಷಧಿ ಹನಿಸಲೇಬೇಕಾಗಿದ್ದರೆ ಅಪಾಯ. ಮೂತ್ರ: ಗಂಟೆಗೆ 30 ಮಿಲಿಲೀಟರ್‌ಗಿಂತ ಕಡಿಮೆಯಾದರೆ ಮೂತ್ರಪಿಂಡಕ್ಕೆ ರಕ್ತ ಸಾಲುತ್ತಿಲ್ಲ. ಲ್ಯಾಕ್ಟೇಟ್: ಆಮ್ಲಜನಕ ಸಾಲದೆ ಒದ್ದಾಡುವ ಜೀವಕೋಶಗಳು ರಕ್ತಕ್ಕೆ ಬಿಡುವ ಆಮ್ಲದ ಅಳತೆ, 2ಕ್ಕಿಂತ ಹೆಚ್ಚಾದರೆ ಎಚ್ಚರ, ಏರುತ್ತಲೇ ಹೋದರೆ ಸ್ಥಿತಿ ಕೈಮೀರುತ್ತಿದೆ. ನಾಲ್ಕನೆಯದು ಹೃದಯದ ಪಂಪಿಂಗ್ ಪ್ರಮಾಣ, ಶೇಕಡಾ ಲೆಕ್ಕದಲ್ಲಿ. ಎಕೋ ಪರೀಕ್ಷೆಯಲ್ಲಿ (ಹೃದಯದ ಅಲ್ಟ್ರಾಸೌಂಡ್) ಸಿಗುತ್ತದೆ.

ಎಚ್ಚರಿಕೆ: ಮಾನಿಟರಿನ ಮೇಲೆ ಬಿಪಿ 110 ಕಂಡ ಮಾತ್ರಕ್ಕೆ "ಸುಧಾರಿಸಿದೆ" ಎಂದು ಊರಿಗೆಲ್ಲ ಫೋನ್ ಮಾಡಬೇಡಿ. ಆ 110 ಎಷ್ಟು ಔಷಧಿಯ ಬಲದಿಂದ ನಿಂತಿದೆ ಎಂದು ಕೇಳಿ. ಮೂರು ಪಂಪುಗಳಲ್ಲಿ ಔಷಧಿ ಹೋಗುತ್ತಿದ್ದು, ಕೈಕಾಲು ತಣ್ಣಗೆ ಬೆವೆತಿದ್ದು, ಲ್ಯಾಕ್ಟೇಟ್ ಏರುತ್ತಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ.

ಹಂತ 2: ಮುಚ್ಚಿದ ರಕ್ತನಾಳ ತೆರೆದಿದೆಯೇ ಎಂದು ಕೇಳಿ

ಯಂತ್ರದ ಮಾತಿಗೆ ಮೊದಲು ಈ ಪ್ರಶ್ನೆ. ಹೃದಯಾಘಾತದ ಶಾಕ್‌ನಲ್ಲಿ ಜೀವ ಉಳಿಸುತ್ತದೆ ಎಂದು ಮೊದಲು ಗಟ್ಟಿಯಾಗಿ ಸಿದ್ಧವಾದ ಚಿಕಿತ್ಸೆ ಮುಚ್ಚಿದ ನಾಳವನ್ನು ಬೇಗ ತೆರೆಯುವುದು. 1999ರಲ್ಲಿ ಪ್ರಕಟವಾದ 'ಶಾಕ್' ಎಂಬ ಹೆಸರಿನ ಅಧ್ಯಯನದಲ್ಲಿ, ತಡಮಾಡದೆ ಆಂಜಿಯೋಪ್ಲಾಸ್ಟಿ (ಬಲೂನು, ಸ್ಟೆಂಟ್‌ನಿಂದ ನಾಳ ತೆರೆಯುವುದು) ಅಥವಾ ಬೈಪಾಸ್ ಮಾಡಿಸಿಕೊಂಡವರಲ್ಲಿ ಆರು ತಿಂಗಳೊಳಗೆ ತೀರಿಕೊಂಡವರು ಶೇ 50ರಷ್ಟು. ಮೊದಲು ಔಷಧಿಯಿಂದಲೇ ಸ್ಥಿರಗೊಳಿಸಲು ನೋಡಿದವರಲ್ಲಿ ಶೇ 63. ನಾಳ ತೆರೆಯದೆ ಬರಿಯ ಯಂತ್ರ ಹಾಕಿದರೆ ಸೋರುವ ತೊಟ್ಟಿಗೆ ನೀರು ತುಂಬಿಸಿದಂತೆ.

ಇಲ್ಲಿ ಇನ್ನೊಂದು ಗೊಂದಲ ಬರುತ್ತದೆ. "ಮೂರು ನಾಳ ಕಟ್ಟಿವೆ, ಒಂದನ್ನೇ ಏಕೆ ಸರಿಮಾಡಿದರು? ಉಳಿದದ್ದನ್ನೂ ಅದೇ ಹೊತ್ತಿಗೆ ಮಾಡಬಾರದಿತ್ತೇ?" ಮಾಡದಿರುವುದೇ ಸಾಮಾನ್ಯವಾಗಿ ಸರಿ. 2017ರ 'ಕಲ್ಪ್ರಿಟ್-ಶಾಕ್' ಅಧ್ಯಯನದಲ್ಲಿ, ಆಘಾತಕ್ಕೆ ಕಾರಣವಾದ ಒಂದೇ ನಾಳವನ್ನು ತೆರೆದವರಲ್ಲಿ 30 ದಿನಗಳೊಳಗೆ ಸಾವು ಅಥವಾ ಡಯಾಲಿಸಿಸ್‌ನ ಅಗತ್ಯ ಶೇ 45.9, ಎಲ್ಲವನ್ನೂ ಒಮ್ಮೆಲೇ ತೆರೆದವರಲ್ಲಿ ಶೇ 55.4. ದಣಿದ ದೇಹಕ್ಕೆ ಹೆಚ್ಚಿನ ಸಮಯ, ನಾಳಗಳು ಎಕ್ಸ್‌ರೇಯಲ್ಲಿ ಕಾಣಲೆಂದು ಬಿಡುವ ಹೆಚ್ಚಿನ ಡೈ ಎರಡೂ ಹೊರೆ.

ಎಕೋ ಆಗಿದೆಯೇ ಎಂದೂ ಇದೇ ಹಂತದಲ್ಲಿ ಕೇಳಿ. ಕೆಲವೊಮ್ಮೆ ಶಾಕ್‌ಗೆ ಕಾರಣ ಸ್ನಾಯುವಿನ ಸೋಲು ಆಗಿರುವುದಿಲ್ಲ. ಹೃದಯದೊಳಗೆ ಏನೋ ಹರಿದಿರುತ್ತದೆ. ಎರಡು ಹೃತ್ಕುಕ್ಷಿಗಳ (ರಕ್ತವನ್ನು ಹೊರಗೆ ತಳ್ಳುವ ಕೆಳಗಿನ ಕೋಣೆಗಳು) ನಡುವಿನ ಗೋಡೆಗೆ ತೂತು ಬಿದ್ದಿರಬಹುದು, ಮಿಟ್ರಲ್ ಕವಾಟವನ್ನು ಹಿಡಿದಿರುವ ಸ್ನಾಯು ಕಿತ್ತುಬಂದಿರಬಹುದು, ಅಥವಾ ಹೊರಗೋಡೆ ಒಡೆದು ಹೃದಯದ ಸುತ್ತ ರಕ್ತ ತುಂಬಿರಬಹುದು. ಅಂಥಲ್ಲಿ ಯಂತ್ರ ಶಸ್ತ್ರಚಿಕಿತ್ಸೆಯವರೆಗೆ ದಾಟಿಸುವ ಸಾಧನವಷ್ಟೆ, ದಾರಿಯೇ ಬೇರೆ.

ಹಂತ 3: ಎಷ್ಟನೆಯ ಮೆಟ್ಟಿಲಲ್ಲಿದ್ದಾರೆ ಎಂದು ಗುರುತಿಸಿ

2019ರಿಂದ ವೈದ್ಯರು ಶಾಕ್‌ಅನ್ನು ಎ, ಬಿ, ಸಿ, ಡಿ, ಇ ಎಂದು ಐದು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಅಮೆರಿಕದ ಹೃದ್ರೋಗ ತಜ್ಞರ ಸಂಘವೊಂದು ರೂಪಿಸಿದ ಕ್ರಮ ಇದು. 'ಎ' ಎಂದರೆ ಅಪಾಯವಿದೆ, ಇನ್ನೂ ಶುರುವಾಗಿಲ್ಲ. 'ಬಿ'ಯಲ್ಲಿ ಬಿಪಿ ಇಳಿದಿದೆ ಅಥವಾ ನಾಡಿ ಓಡುತ್ತಿದೆ, ಅಂಗಗಳಿಗೆ ರಕ್ತ ಇನ್ನೂ ತಲುಪುತ್ತಿದೆ. 'ಸಿ'ಯಲ್ಲಿ ಅಂಗಗಳಿಗೆ ರಕ್ತ ಸಾಲುತ್ತಿಲ್ಲ, ಔಷಧಿ ಅಥವಾ ಯಂತ್ರದ ನೆರವು ಬೇಕು. 'ಡಿ' ಎಂದರೆ ಮೊದಲು ಕೊಟ್ಟ ನೆರವು ಸಾಕಾಗದೆ ಸ್ಥಿತಿ ಕೆಡುತ್ತಿದೆ. 'ಇ' ಎಂದರೆ ಹೃದಯ ನಿಲ್ಲುವ ಅಂಚು, ಅಥವಾ ನಿಂತು ಪುನಶ್ಚೇತನ ನಡೆಯುತ್ತಿದೆ.

"ಈಗ ಯಾವ ಹಂತ? ನಾಲ್ಕು ಗಂಟೆ ಹಿಂದೆ ಯಾವ ಹಂತದಲ್ಲಿತ್ತು?" ಎಂದು ಕೇಳಿ. ಎರಡನೆಯ ಪ್ರಶ್ನೆಗೇ ಹೆಚ್ಚು ತೂಕ. ಸಿಯಿಂದ ಡಿಗೆ ಜಾರುತ್ತಿರುವವರ ವಿಷಯದಲ್ಲಿ "ಬೆಳಿಗ್ಗೆವರೆಗೆ ನೋಡೋಣ" ಎನ್ನುವುದು ಕೂಡ ಒಂದು ತೀರ್ಮಾನವೇ. ಬಿಯಲ್ಲೇ ನಿಂತು ಸುಧಾರಿಸುತ್ತಿರುವವರಿಗೆ ತೊಡೆಸಂದಿನಲ್ಲಿ ದಪ್ಪ ನಳಿಕೆ ತೂರಿಸುವುದೂ ಅಷ್ಟೇ ತಪ್ಪು.

ಹಂತ 4: ಯಾವ ಯಂತ್ರ ಎಂದು ಹೆಸರು ಹಿಡಿದು ಕೇಳಿ

"ಯಂತ್ರ ಹಾಕುತ್ತೇವೆ" ಎಂಬುದು ಅಪೂರ್ಣ ವಾಕ್ಯ. ಮುಖ್ಯವಾಗಿ ಮೂರು ಬಗೆಯವು ಬಳಕೆಯಲ್ಲಿವೆ, ಮೂರರ ಶಕ್ತಿಯೂ ಅಪಾಯವೂ ಬೇರೆ ಬೇರೆ.

*ಬಲೂನ್ ಪಂಪ್.* ವೈದ್ಯರ ಬಾಯಲ್ಲಿ ಐಎಬಿಪಿ. ಇದ್ದುದರಲ್ಲಿ ಹಳೆಯದು, 1960ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ತೊಡೆಸಂದಿನ ಅಪಧಮನಿಯ ಮೂಲಕ ಉದ್ದನೆಯ ಬಲೂನೊಂದನ್ನು ಎದೆಯ ಮಹಾಪಧಮನಿಯಲ್ಲಿ ಇಡುತ್ತಾರೆ. ಹೃದಯ ಸಡಿಲಗೊಂಡಾಗ ಬಲೂನು ಉಬ್ಬಿ ಹೃದಯದ ನಾಳಗಳತ್ತ ರಕ್ತವನ್ನು ತಳ್ಳುತ್ತದೆ. ಹೃದಯ ಮಿಡಿಯುವ ಮುನ್ನ ಕುಗ್ಗಿ ಅದರ ಹೊರೆ ಹಗುರ ಮಾಡುತ್ತದೆ. ಒಳಗೆ ತುಂಬುವುದು ಹೀಲಿಯಂ, ಹಗುರವಾದ್ದರಿಂದ ಕ್ಷಣಾರ್ಧದಲ್ಲಿ ನುಗ್ಗಿ ಹೊರಬರುತ್ತದೆ. ಆದರೆ ಇದು ಸ್ವತಃ ರಕ್ತ ಪಂಪು ಮಾಡುವುದಿಲ್ಲ. ನಿಮಿಷಕ್ಕೆ ಸುಮಾರು ಅರ್ಧ ಲೀಟರ್‌ನಷ್ಟು ಹೆಚ್ಚುವರಿ ಹರಿವು ಸಿಗಬಹುದು, ಅಷ್ಟೇ. ಆರೋಗ್ಯವಂತ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ಹರಿಸುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

*ಸೂಕ್ಷ್ಮ ಪಂಪ್.* ಇಂಪೆಲ್ಲಾ ಎಂಬ ವ್ಯಾಪಾರಿ ಹೆಸರಿನಿಂದಲೇ ಪ್ರಸಿದ್ಧ. ಇದೂ ತೊಡೆಸಂದಿನಿಂದಲೇ ಒಳಹೋಗುತ್ತದೆ, ಆದರೆ ಮಹಾಪಧಮನಿಯ ಕವಾಟವನ್ನು ದಾಟಿ ಎಡ ಹೃತ್ಕುಕ್ಷಿಯೊಳಗೆ ತುದಿ ಚಾಚಿ ಕೂರುತ್ತದೆ. ಶಾಕ್‌ನಲ್ಲಿ ಹೆಚ್ಚು ಬಳಸುವ 'ಸಿಪಿ' ಮಾದರಿಯ ಪಂಪಿನ ದಪ್ಪ 5 ಮಿಲಿಮೀಟರ್‌ಗೂ ಸ್ವಲ್ಪ ಕಡಿಮೆ. ಅದರೊಳಗಿನ ಪುಟ್ಟ ತಿರುಗುಚಕ್ರ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ಹಾಕುತ್ತ, ಹೃದಯದೊಳಗಿನ ರಕ್ತವನ್ನು ಎಳೆದು ಮಹಾಪಧಮನಿಗೆ ಬಿಡುತ್ತದೆ. ಹರಿವು ನಿಮಿಷಕ್ಕೆ ಮೂರೂವರೆ ಲೀಟರ್‌ನ ಆಸುಪಾಸು. ಹೃದಯದ ಕೆಲಸವನ್ನು ತಾನು ವಹಿಸಿಕೊಂಡು ಅದಕ್ಕೆ ವಿಶ್ರಾಂತಿ ಕೊಡುವುದು ಇದರ ದೊಡ್ಡ ಗುಣ. '5.5' ಎಂಬ ದೊಡ್ಡ ಮಾದರಿಯನ್ನು ಸಾಮಾನ್ಯವಾಗಿ ಕಂಕುಳಿನ ಅಪಧಮನಿಯಿಂದ ಶಸ್ತ್ರಚಿಕಿತ್ಸೆ ಮಾಡಿ ಹಾಕುತ್ತಾರೆ. ಹೆಚ್ಚು ದಿನ ಬೇಕಾದವರಿಗೆ ಅದು.

ಇದು ಎಲ್ಲರಿಗೂ ಆಗದು. ಎಡ ಹೃತ್ಕುಕ್ಷಿಯಲ್ಲಿ ಹೆಪ್ಪುಗಟ್ಟಿದ ರಕ್ತವಿದ್ದರೆ, ಮಹಾಪಧಮನಿಯ ಕವಾಟದ ಜಾಗದಲ್ಲಿ ಲೋಹದ ಕವಾಟವಿದ್ದರೆ, ಆ ಕವಾಟ ತೀವ್ರವಾಗಿ ಸೋರುತ್ತಿದ್ದರೆ, ಕಾಲಿನ ನಾಳಗಳು ತೀರಾ ಕಿರಿದಾಗಿದ್ದರೆ ಬೇರೆ ದಾರಿ ನೋಡಬೇಕಾಗುತ್ತದೆ. ಬಲಭಾಗದ ಹೃದಯ ಸೋತಿದ್ದರೂ ಇದೊಂದೇ ಸಾಲದು; ಬಲದಿಂದ ರಕ್ತ ಬಾರದಿದ್ದರೆ ಎಡಭಾಗದ ಪಂಪು ಎಳೆಯುವುದು ಏನನ್ನು?

*ಎಕ್ಮೋ.* ಮೂರರಲ್ಲಿ ಅತ್ಯಂತ ಶಕ್ತಿಶಾಲಿ, ಅತ್ಯಂತ ಭಾರದ್ದು. ತೊಡೆಯ ಅಭಿಧಮನಿಯಿಂದ ರಕ್ತವನ್ನು ಹೊರಗೆಳೆದು, ಕೃತಕ ಶ್ವಾಸಕೋಶದಲ್ಲಿ ಆಮ್ಲಜನಕ ಬೆರೆಸಿ, ತೊಡೆಯ ಅಪಧಮನಿಗೆ ಮರಳಿ ಬಿಡುತ್ತದೆ. ಮಂಚದ ಪಕ್ಕದಲ್ಲಿ ಎರಡು ಕೊಳವೆಗಳು ಕಾಣುತ್ತವೆ: ಒಂದರಲ್ಲಿ ಕಪ್ಪುಮಿಶ್ರಿತ ಕೆಂಪು, ಇನ್ನೊಂದರಲ್ಲಿ ಹೊಳೆಯುವ ಕೆಂಪು. ನಿಮಿಷಕ್ಕೆ 4ರಿಂದ 5 ಲೀಟರ್ ಹರಿಸಬಲ್ಲದು, ಹೃದಯ ಶ್ವಾಸಕೋಶ ಎರಡರ ಕೆಲಸವನ್ನೂ ಹೊರಬಲ್ಲದು. ಹೃದಯ ಪೂರ್ತಿ ನಿಂತಿದ್ದರೂ ರಕ್ತಸಂಚಾರ ನಡೆಸುತ್ತದೆ.

ಇದರ ದೋಷ ಇರುವುದು ದಿಕ್ಕಿನಲ್ಲಿ. ಯಂತ್ರದ ರಕ್ತ ತೊಡೆಯಿಂದ ಮೇಲಕ್ಕೆ, ಹೃದಯಕ್ಕೆ ಎದುರಾಗಿ ಬರುತ್ತದೆ. ಮೊದಲೇ ಸೋತ ಎಡ ಹೃತ್ಕುಕ್ಷಿ ಆ ಒತ್ತಡದ ವಿರುದ್ಧ ಕವಾಟ ತೆರೆಯಲಾರದೆ ಹಿಗ್ಗಿಬಿಡಬಹುದು, ಶ್ವಾಸಕೋಶದಲ್ಲಿ ನೀರು ಹೆಚ್ಚಬಹುದು. ಆದ್ದರಿಂದ "ಎಡ ಹೃತ್ಕುಕ್ಷಿಯ ಹೊರೆ ಇಳಿಸಲು ಏನು ಮಾಡುತ್ತೀರಿ?" ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಕೆಲವೊಮ್ಮೆ ಎಕ್ಮೋ ಜೊತೆಗೇ ಸೂಕ್ಷ್ಮ ಪಂಪನ್ನೂ ಹಾಕುವುದು ಇದಕ್ಕಾಗಿಯೇ.

ಹಂತ 5: ಸಾಕ್ಷ್ಯ ಏನು ಹೇಳುತ್ತದೆ ಎಂದು ತಿಳಿದಿರಿ

ಈ ಭಾಗವನ್ನು ಹಾರಿಸಿ ಓದಬೇಡಿ. ಬೀಳುವ ಬಿಪಿಯನ್ನು ಯಂತ್ರ ಎತ್ತುತ್ತದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಜನ ಹೆಚ್ಚು ಉಳಿಯುತ್ತಾರೆಯೇ ಎಂದು ಅಳೆದು ನೋಡಿದಾಗ ಉತ್ತರ ಹಲವು ವರ್ಷ ನಿರಾಸೆಯದ್ದೇ ಆಗಿತ್ತು.

ಬಲೂನ್ ಪಂಪ್ ದಶಕಗಳ ಕಾಲ ಕಣ್ಣುಮುಚ್ಚಿ ಹಾಕುತ್ತಿದ್ದ ಸಾಧನ. 2012ರಲ್ಲಿ ಜರ್ಮನಿಯ 600 ರೋಗಿಗಳ ಅಧ್ಯಯನ ಬಂತು: 30 ದಿನಗಳಲ್ಲಿ ತೀರಿಕೊಂಡವರು ಬಲೂನ್ ಹಾಕಿದವರಲ್ಲಿ ಶೇ 39.7, ಹಾಕದವರಲ್ಲಿ ಶೇ 41.3. ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿಂದೀಚೆಗೆ ಎಲ್ಲರಿಗೂ ಬಲೂನ್ ಹಾಕುವ ಪದ್ಧತಿಯನ್ನು ಮಾರ್ಗಸೂಚಿಗಳು ಕೈಬಿಟ್ಟಿವೆ. ಹೃದಯದೊಳಗೆ ಹರಿದಿರುವವರಲ್ಲಿ, ಶಸ್ತ್ರಚಿಕಿತ್ಸೆಯವರೆಗೆ ಹಿಡಿದಿಡಲು ಅದನ್ನು ಈಗಲೂ ಬಳಸುತ್ತಾರೆ.

ಎಕ್ಮೋ ಸರದಿ 2023ರಲ್ಲಿ. 'ಇಸಿಎಲ್ಎಸ್-ಶಾಕ್' ಅಧ್ಯಯನದಲ್ಲಿ ಸುಮಾರು 420 ರೋಗಿಗಳಿದ್ದರು. 30 ದಿನಗಳ ಸಾವು ಎಕ್ಮೋ ಗುಂಪಿನಲ್ಲಿ ಶೇ 47.8, ಇನ್ನೊಂದರಲ್ಲಿ ಶೇ 49. ಜೀವ ಉಳಿಸುವುದರಲ್ಲಿ ಲಾಭ ಕಾಣಲಿಲ್ಲ. ಗಣನೀಯ ರಕ್ತಸ್ರಾವ ಮಾತ್ರ ಶೇ 9.6ರಿಂದ 23.4ಕ್ಕೆ ಏರಿತು. ಆ ರೋಗಿಗಳಲ್ಲಿ ಬಹುಪಾಲು ಜನ ಅದಕ್ಕೆ ಮೊದಲೇ ಹೃದಯಸ್ತಂಭನ ಕಂಡವರು ಎಂಬುದನ್ನು ಮರೆಯಬಾರದು: ಮಿದುಳಿಗೆ ಆಗಲೇ ಹಾನಿಯಾಗಿದ್ದರೆ ಹೃದಯದ ಯಂತ್ರ ಏನು ಮಾಡೀತು?

2024ರಲ್ಲಿ ಗಾಳಿ ಸ್ವಲ್ಪ ತಿರುಗಿತು. ಡೆನ್ಮಾರ್ಕ್, ಜರ್ಮನಿ, ಬ್ರಿಟನ್ನಿನ ಆಸ್ಪತ್ರೆಗಳು ಹತ್ತು ವರ್ಷ ತೆಗೆದುಕೊಂಡು ನಡೆಸಿದ 'ಡ್ಯಾಂಗರ್-ಶಾಕ್' ಅಧ್ಯಯನದಲ್ಲಿ 355 ರೋಗಿಗಳ ಲೆಕ್ಕ ಸಿಕ್ಕಿತು. ಆರು ತಿಂಗಳಲ್ಲಿ ತೀರಿಕೊಂಡವರು ಸೂಕ್ಷ್ಮ ಪಂಪ್ ಪಡೆದವರಲ್ಲಿ ಶೇ 45.8, ಪಡೆಯದವರಲ್ಲಿ ಶೇ 58.5. ಎಂಟು ಜನರಿಗೆ ಹಾಕಿದರೆ ಒಬ್ಬರು ಹೆಚ್ಚುವರಿಯಾಗಿ ಉಳಿಯುತ್ತಾರೆ ಎಂದು ಇದರ ತಾತ್ಪರ್ಯ. ಈ ಕ್ಷೇತ್ರದಲ್ಲಿ ಇದು ಸಣ್ಣ ಸುದ್ದಿಯಲ್ಲ.

ಆದರೆ ಆಯ್ಕೆಯಾದವರು ಯಾರು ಎಂಬುದನ್ನು ನೋಡಿ. ಎಲ್ಲರಿಗೂ ಇಸಿಜಿಯಲ್ಲಿ ಎಸ್‌ಟಿ ರೇಖೆ ಎದ್ದ ದೊಡ್ಡ ಹೃದಯಾಘಾತ, ಲ್ಯಾಕ್ಟೇಟ್ ಏರಿತ್ತು, ಎಡಭಾಗದ ಪಂಪಿಂಗ್ ಶೇ 45ಕ್ಕಿಂತ ಕಡಿಮೆ. ಆಸ್ಪತ್ರೆಯ ಹೊರಗೆ ಹೃದಯ ನಿಂತು, ಪ್ರಜ್ಞೆ ಮರಳದೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ. ಬೆಲೆಯೂ ಸಣ್ಣದಲ್ಲ: ಪಂಪ್ ಹಾಕಿದವರಲ್ಲಿ ಡಯಾಲಿಸಿಸ್ ಬೇಕಾದವರು ಶೇ 41.9 (ಹಾಕದವರಲ್ಲಿ 26.7), ರಕ್ತಸ್ರಾವ ಶೇ 21.8 (11.9), ಕಾಲಿಗೆ ರಕ್ತ ನಿಂತದ್ದು ಶೇ 5.6 (1.1). ಈ ಸಂಖ್ಯೆಗಳೆಲ್ಲ ಒಂದೇ ಅಧ್ಯಯನದವು, ಉಳಿದವರ ಪಟ್ಟಿಯ ಪಕ್ಕದಲ್ಲೇ ಇರುವಂಥವು. ಮೊದಲ ಸಾಲನ್ನು ಮಾತ್ರ ತೋರಿಸಿ ಎರಡನೆಯದನ್ನು ಮಡಚಿಡುವವರನ್ನು ನಾನು ನಂಬುವುದಿಲ್ಲ. ಎರಡನೆಯದನ್ನೇ ಹಿಡಿದು ಹೆದರಿಸುವವರನ್ನೂ ಅಷ್ಟೇ.

ಅಮೆರಿಕದ 2025ರ ಮಾರ್ಗಸೂಚಿಯ ನಿಲುವೂ ಹೆಚ್ಚುಕಡಿಮೆ ಇದೇ: ಇಂಥ ದೊಡ್ಡ ಹೃದಯಾಘಾತದ ಆಯ್ದ ರೋಗಿಗಳಲ್ಲಿ ಸೂಕ್ಷ್ಮ ಪಂಪ್ ಸಮಂಜಸ, ಬಲೂನ್ ಅಥವಾ ಎಕ್ಮೋ ಎಲ್ಲರಿಗೂ ವಾಡಿಕೆಯಂತೆ ಬೇಡ.

ಹಂತ 6: ಈಗಿರುವ ಆಸ್ಪತ್ರೆಯಲ್ಲಿ ಯಂತ್ರ ಇಲ್ಲದಿದ್ದರೆ

ಮೊದಲು ನಾಳ ತೆರೆಯಲಿ. ಯಂತ್ರವಿರುವ ಕಡೆಗೆ ಹೋಗಬೇಕೆಂದು ಆಂಜಿಯೋಪ್ಲಾಸ್ಟಿಯನ್ನು ಮುಂದೂಡುವುದು ಸಾಮಾನ್ಯವಾಗಿ ನಷ್ಟದ ಬಾಬತ್ತು. ಆಮೇಲೆ, ಈ ವೈದ್ಯರೇ ಆ ಆಸ್ಪತ್ರೆಯ ವೈದ್ಯರೊಂದಿಗೆ ಮಾತನಾಡಿ ಹಾಸಿಗೆ ಖಚಿತಪಡಿಸಿಕೊಳ್ಳಬೇಕು. "ನೀವೇ ವಿಚಾರಿಸಿಕೊಳ್ಳಿ" ಎಂದರೆ ವಿನಯದಿಂದಲೇ ಒಪ್ಪಬೇಡಿ. ಸಾಗಿಸುವ ಆಂಬ್ಯುಲೆನ್ಸ್‌ನಲ್ಲಿ ವೆಂಟಿಲೇಟರ್, ಔಷಧಿ ಪಂಪುಗಳು, ಅವನ್ನು ನೋಡಿಕೊಳ್ಳಬಲ್ಲ ವೈದ್ಯರು ಇರಲೇಬೇಕು. ಬಿಪಿ ಎತ್ತುವ ಔಷಧಿ ಎರಡು ನಿಮಿಷ ನಿಂತರೂ ಹೃದಯ ನಿಲ್ಲಬಹುದಾದ ರೋಗಿ ಇವರು. ಮನೆಯವರು ತಾವೇ ಗಾಡಿ ಮಾಡಿಕೊಂಡು ಹೊರಡುವುದಂತೂ ಖಂಡಿತ ಕೂಡದು.

ಹಂತ 7: ಸಹಿ ಹಾಕುವ ಮುನ್ನ ಕೇಳಬೇಕಾದದ್ದು

ಐದು ನಿಮಿಷ ಸಿಕ್ಕರೆ ಇಷ್ಟನ್ನು ಕೇಳಿ.

"ಇಲ್ಲಿಂದ ಎಲ್ಲಿಗೆ?" ಇದೇ ಮುಖ್ಯ ಪ್ರಶ್ನೆ. ಯಂತ್ರ ಮೂರು ಕಡೆಗೆ ದಾಟಿಸಬಹುದು: ಹೃದಯ ತಾನೇ ಚೇತರಿಸಿಕೊಳ್ಳುವವರೆಗೆ, ಶಾಶ್ವತ ಪಂಪ್ ಅಥವಾ ಹೃದಯ ಕಸಿಯವರೆಗೆ, ಅಥವಾ ಮಿದುಳು, ಮೂತ್ರಪಿಂಡಗಳ ಸ್ಥಿತಿ ತಿಳಿದು ತೀರ್ಮಾನಿಸುವವರೆಗೆ. ಮೂರರಲ್ಲಿ ಯಾವುದೂ ಅನ್ವಯಿಸುವುದಿಲ್ಲ ಎಂದಾದರೆ ಯಂತ್ರ ಸಾವನ್ನು ಉದ್ದ ಮಾಡುತ್ತದೆಯೇ ಹೊರತು ಬದುಕನ್ನಲ್ಲ.

"ಮಿದುಳಿನ ಸ್ಥಿತಿ ಹೇಗಿದೆ?" ಹೃದಯ ನಿಂತು ಮತ್ತೆ ಶುರುವಾದವರಲ್ಲಿ ಇದನ್ನು ಬಿಡಬೇಡಿ. ಎಷ್ಟು ನಿಮಿಷ ನಿಂತಿತ್ತು, ಎದೆ ಒತ್ತುವುದು ಯಾವಾಗ ಶುರುವಾಯಿತು ಎಂಬುದು ನಿಮಗೆ ಗೊತ್ತಿದ್ದರೆ ನೀವೇ ಹೇಳಿ.

"ಯಾವಾಗ ಮತ್ತೆ ಕುಳಿತು ಮಾತನಾಡೋಣ?" 48 ಅಥವಾ 72 ಗಂಟೆ ಎಂದು ಒಂದು ಗಡುವು ಗೊತ್ತುಮಾಡಿಕೊಳ್ಳಿ. ಏನು ಕಂಡರೆ ಮುಂದುವರಿಸುವುದು, ಏನು ಕಂಡರೆ ನಿಲ್ಲಿಸುವುದು ಎಂದು ಆಗಲೇ ಮಾತಾಗಿದ್ದರೆ ಆಮೇಲಿನ ಸಂಕಟ ಅರ್ಧ ಕಡಿಮೆ.

ಈ ತಂಡ ಇಂಥ ಯಂತ್ರವನ್ನು ನಿಯಮಿತವಾಗಿ ಹಾಕುತ್ತದೆಯೇ, ರಾತ್ರಿ ಹೊತ್ತು ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೂ ಕೇಳಬಹುದು. ಒಳ್ಳೆಯ ವೈದ್ಯರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ.

ಮತ್ತು ರೋಗಿ ಹಿಂದೆ ಎಂದಾದರೂ "ನನಗೆ ಹೀಗೆಲ್ಲ ಕೊಳವೆ ಹಾಕಿಸಬೇಡಿ" ಎಂದು ಮನಸ್ಸಿಟ್ಟು ಹೇಳಿದ್ದರೆ, ಆ ಮಾತನ್ನು ವೈದ್ಯರ ಮುಂದೆ ಇಡುವುದು ನಿಮ್ಮ ಹೊಣೆ. ಇಲ್ಲಿ ಕೇಳಬೇಕಾದದ್ದು ಅವರ ಇಷ್ಟ, ನಿಮ್ಮದಲ್ಲ.

ಹಂತ 8: ಯಂತ್ರ ಹಾಕಿದ ಮೇಲೆ

ಭೇಟಿಯ ವೇಳೆ ಒಳಗೆ ಹೋದಾಗ ಕೆಲವು ನೋಟಗಳು ಗಾಬರಿ ಹುಟ್ಟಿಸುತ್ತವೆ. ಎಕ್ಮೋ ಅಥವಾ ಸೂಕ್ಷ್ಮ ಪಂಪ್ ಪೂರ್ತಿ ಹೊರೆ ಹೊತ್ತಿರುವಾಗ ಮಣಿಕಟ್ಟಿನಲ್ಲಿ ನಾಡಿ ಸಿಗದೇ ಇರಬಹುದು, ಮಾನಿಟರಿನ ಒತ್ತಡದ ಅಲೆ ಬಹುತೇಕ ಚಪ್ಪಟೆಯಾಗಿರಬಹುದು. ರಕ್ತ ಮಿಡಿತವಿಲ್ಲದೆ ಸತತವಾಗಿ ಹರಿಯುತ್ತಿದೆ ಎಂದು ಅದರ ಅರ್ಥ. ಆಗ ಮೇಲಿನ ಬಿಪಿಗಿಂತ ಸರಾಸರಿ ಒತ್ತಡವನ್ನು ನೋಡುತ್ತಾರೆ. ಸುಮಾರು 65ರ ಮೇಲಿರಲಿ ಎಂಬುದು ವಾಡಿಕೆಯ ಗುರಿ.

ಕೊಳವೆ ಹೋದ ಕಡೆಯ ಪಾದವನ್ನು ಗಮನಿಸಿ. ದಾದಿಯರು ಗಂಟೆಗೊಮ್ಮೆ ಬಂದು ಹೆಬ್ಬೆರಳಿನ ಉಗುರನ್ನು ಒತ್ತಿ, ಬಿಳಿಚಿದ ಬಣ್ಣ ಎಷ್ಟು ಬೇಗ ಕೆಂಪಾಗುತ್ತದೆ ಎಂದು ನೋಡುತ್ತಾರೆ. ಪೆನ್ನಿನಷ್ಟು ದಪ್ಪದ ಡಾಪ್ಲರ್ ಕಡ್ಡಿಯನ್ನು ಪಾದದ ಮೇಲಿಟ್ಟು ಹರಿವಿನ ಸದ್ದು ಹುಡುಕುತ್ತಾರೆ. ಸಿಕ್ಕ ಜಾಗದಲ್ಲಿ ಶಾಯಿಯಿಂದ ಗುಣಾಕಾರದ ಗುರುತು ಹಾಕಿರುತ್ತಾರೆ, ಮುಂದಿನ ಪಾಳಿಯವರಿಗೆ ಹುಡುಕುವ ಕಷ್ಟ ತಪ್ಪಲೆಂದು. ಆ ಪಾದ ಇನ್ನೊಂದಕ್ಕಿಂತ ತಣ್ಣಗಿದ್ದರೆ, ನೀಲಿಗಟ್ಟಿದರೆ, ಎಚ್ಚರವಿರುವ ರೋಗಿ ನೋವೆಂದರೆ ಕೂಡಲೇ ಹೇಳಿ. ಇಲ್ಲಿ ಗಂಟೆಗಳು ಲೆಕ್ಕಕ್ಕೆ ಬರುತ್ತವೆ. ಎಕ್ಮೋ ಹಾಕಿದ ಕಾಲಿಗೆ ಪ್ರತ್ಯೇಕವಾಗಿ ರಕ್ತ ಹರಿಸುವ ಸಣ್ಣ ನಳಿಕೆ ಇಟ್ಟಿದ್ದಾರೆಯೇ ಎಂದು ಕೇಳುವುದು ಒಳ್ಳೆಯದು.

ಮೂತ್ರದ ಚೀಲ ನೋಡಿ. ಕಡುಗಂದು ಅಥವಾ ಕೆಂಪು ಬಣ್ಣಕ್ಕೆ ತಿರುಗಿದರೆ, ವೇಗವಾಗಿ ತಿರುಗುವ ಪಂಪು ರಕ್ತಕಣಗಳನ್ನು ಒಡೆಯುತ್ತಿರಬಹುದು. ಪಂಪಿನ ತುದಿ ಸ್ವಲ್ಪ ಸರಿದಿದ್ದರೂ ಹೀಗಾಗುತ್ತದೆ. ಎಕೋ ಮಾಡಿ ಸರಿಯಾದ ಜಾಗಕ್ಕೆ ತರುತ್ತಾರೆ. ಇದೇ ಕಾರಣಕ್ಕೆ, ಮತ್ತು ನಾಳಕ್ಕೆ ಪೆಟ್ಟಾಗದಿರಲೆಂದು, ಆ ಕಾಲನ್ನು ಮಡಚಲು ಬಿಡುವುದಿಲ್ಲ, ತಲೆದಿಂಬನ್ನು ಸುಮಾರು 30 ಡಿಗ್ರಿಗಿಂತ ಮೇಲೆತ್ತುವುದಿಲ್ಲ. ಪ್ರೀತಿಯಿಂದ ಎಬ್ಬಿಸಿ ಕೂರಿಸಲು ಹೋಗಬೇಡಿ.

ಎಕ್ಮೋ ರೋಗಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಬಲಗೈ ಬೆರಳಿಗೇ ಇರಬೇಕು. ಶ್ವಾಸಕೋಶ ಕೆಟ್ಟಿದ್ದು ಹೃದಯ ಮಾತ್ರ ಚೇತರಿಸಿಕೊಳ್ಳತೊಡಗಿದರೆ, ಆಮ್ಲಜನಕ ಸಾಲದ ರಕ್ತವನ್ನು ಅದು ಮೊದಲು ಕಳಿಸುವುದು ಮಿದುಳಿಗೆ ಮತ್ತು ಬಲಗೈಗೆ. ಕಾಲಿನಲ್ಲಿ ಅಳೆದರೆ ಯಂತ್ರದ ಒಳ್ಳೆಯ ರಕ್ತವೇ ಕಂಡು ಎಲ್ಲ ಚೆನ್ನಾಗಿದೆ ಎನಿಸುತ್ತದೆ.

ರಕ್ತ ತೆಳುಮಾಡುವ ಔಷಧಿ ನಡೆಯುತ್ತಲೇ ಇರುವುದರಿಂದ ಮೂಗಿನಿಂದ, ಒಸಡಿನಿಂದ, ಕೊಳವೆಯ ಸುತ್ತ ರಕ್ತ ಜಿನುಗಬಹುದು. ರಕ್ತ ಕೊಡಬೇಕಾಗಿ ಬರಬಹುದು, ದಾನಿಗಳನ್ನು ಹೊಂದಿಸಿಡಿ.

ಹಂತ 9: ಯಂತ್ರ ಇಳಿಸುವುದು

ಲ್ಯಾಕ್ಟೇಟ್ ಸಹಜಕ್ಕೆ ಬಂದು, ಬಿಪಿ ಎತ್ತುವ ಔಷಧಿಗಳು ಇಳಿದು, ಚಪ್ಪಟೆಯಾಗಿದ್ದ ಒತ್ತಡದ ರೇಖೆಯಲ್ಲಿ ಅಲೆ ಮರಳಿದರೆ ಇಳಿಸುವ ಪ್ರಯತ್ನ ಶುರುವಾಗುತ್ತದೆ. ಸೂಕ್ಷ್ಮ ಪಂಪಿನಲ್ಲಿ ವೇಗದ ಮಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸುತ್ತಾರೆ. ಎಕ್ಮೋದಲ್ಲಿ ಹರಿವನ್ನು ನಿಮಿಷಕ್ಕೆ ಒಂದು, ಒಂದೂವರೆ ಲೀಟರ್‌ವರೆಗೆ ಇಳಿಸಿ, ಹೃದಯ ತಾನೇ ಎಷ್ಟು ಹೊರುತ್ತದೆ ಎಂದು ಎಕೋದಲ್ಲಿ ನೋಡುತ್ತಾರೆ. ಮೊದಲ ಪ್ರಯತ್ನ ಸೋತು ಮತ್ತೆ ವೇಗ ಏರಿಸಿದರೆ ಎಲ್ಲ ಮುಗಿಯಿತೆಂದಲ್ಲ. ಪೆಟ್ಟು ತಿಂದು ಮರಗಟ್ಟಿದ ಸ್ನಾಯು, ನಾಳ ತೆರೆದ ಎಷ್ಟೋ ದಿನಗಳ ಮೇಲೆ ಎಚ್ಚೆತ್ತುಕೊಳ್ಳುವುದುಂಟು.

ಎಚ್ಚೆತ್ತುಕೊಳ್ಳದಿದ್ದರೆ ಹಂತ 7ರ ಮಾತಿಗೆ ಮರಳಬೇಕು. ಶಾಶ್ವತ ಪಂಪಿಗೋ ಕಸಿಗೋ ಅರ್ಹತೆ ಇದೆಯೇ ಎಂದು ಅದಕ್ಕೆಂದೇ ಇರುವ ತಂಡ ನೋಡಲಿ. ಇಲ್ಲವೆಂದಾದರೆ, ನೋವು ಉಸಿರುಗಟ್ಟುವಿಕೆ ಇಲ್ಲದಂತೆ ನೋಡಿಕೊಂಡು ಯಂತ್ರ ನಿಲ್ಲಿಸುವ ಬಗ್ಗೆ ವೈದ್ಯರು ಮಾತೆತ್ತಬಹುದು. ಅದು ಅವರು ಕೈಬಿಟ್ಟ ಲಕ್ಷಣವಲ್ಲ, ಅದಕ್ಕೆ ಒಪ್ಪಿದ ಮನೆಯವರು ಕೊಂದರೆಂದೂ ಅಲ್ಲ. ಇದನ್ನು ಬಂಧುಗಳ ಮುಂದೆ ಹೇಳಬೇಕಾದಾಗ ವೈದ್ಯರನ್ನೇ ಕರೆದು ಹೇಳಿಸಿ.

ಹಂತ 10: ಮನೆಗೆ ಬಂದ ಮೇಲೆ

ಬಿಡುಗಡೆ ಪತ್ರದಲ್ಲಿ ಯಂತ್ರದ ಹೆಸರು, ಯಾವ ಕಾಲು ಅಥವಾ ಕಂಕುಳು, ಎಷ್ಟು ದಿನ ಇತ್ತು, ಕೊನೆಯ ಎಕೋದ ಪಂಪಿಂಗ್ ಪ್ರಮಾಣ, ಕೊನೆಯ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಎಲ್ಲ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಬರೆಸಿಕೊಂಡೇ ಹೊರಡಿ. ತೊಡೆಸಂದಿನಲ್ಲಿ ಮಿಡಿಯುವ ಗಂಟು, ಹೆಚ್ಚುವ ಊತ, ಕೀವು, ಜ್ವರ ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ. ಸ್ಟೆಂಟ್‌ಗಾಗಿ ಕೊಟ್ಟ ಎರಡು ಬಗೆಯ ರಕ್ತ ತೆಳುಮಾಡುವ ಮಾತ್ರೆಗಳನ್ನು, ತೊಡೆಯ ಗಾಯದಲ್ಲಿ ರಕ್ತ ಕಂಡಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಮೊದಲು ಫೋನ್ ಮಾಡಿ.

ಪಂಪಿಂಗ್ ಪ್ರಮಾಣ ಶೇ 35ಕ್ಕಿಂತ ಕಡಿಮೆ ಉಳಿದವರಿಗೆ, ಹೃದಯದ ಲಯ ತಪ್ಪಿದಾಗ ಒಳಗಿನಿಂದಲೇ ಸರಿಪಡಿಸುವ ಐಸಿಡಿ ಎಂಬ ಸಾಧನದ ಮಾತು ಬರುತ್ತದೆ. ಅದನ್ನು ತೀರ್ಮಾನಿಸುವುದು ಹೃದಯಾಘಾತವಾಗಿ ಕನಿಷ್ಠ 40 ದಿನ, ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ ಸಾಮಾನ್ಯವಾಗಿ ಮೂರು ತಿಂಗಳು ಕಳೆದ ಮೇಲೆ, ಮತ್ತೆ ಎಕೋ ಮಾಡಿ. ಆ ಎಕೋದ ದಿನಾಂಕವನ್ನು ಬಿಡುಗಡೆಯಾಗುವಾಗಲೇ ಗೊತ್ತುಮಾಡಿಸಿಕೊಂಡು, ಅದೇ ಪುಸ್ತಕದಲ್ಲಿ ಬರೆದಿಡಿ.